ಪ್ರಬಂಧ ಸಂಖ್ಯೆ 417

ಫೆಬ್ರವರಿ 3, ಸೋಮವಾರ

ಸಮ್ಮೇಳನಕ್ಕೆ ಪ್ರಬಂಧದ ಸಾರಾಂಶ ಕಳಿಸಲು ಇನ್ನು ಹನ್ನೆರಡು ದಿನ. ಇವತ್ತಿನವರೆಗೆ ಬಂದದ್ದು 188. ಕೊನೇ ದಿನ ನಾನೂರು ಒಟ್ಟಿಗೆ ಬಂದು ಬೀಳುತ್ತವೆ, ಪೋರ್ಟಲ್ ಕೈಕೊಡುತ್ತದೆ, ಆಮೇಲೆ ಇನ್ನೊಂದು ವಾರ ಕೊಡಿ ಅಂತ ಎಲ್ಲರದೂ ಒಂದೇ ರಾಗ. ಇಪ್ಪತ್ತಮೂರು ವರ್ಷದಿಂದ ಇದೇ. ಗಡುವು ಅನ್ನುವುದು ವಿದ್ವಾಂಸರಿಗೆ ಒಂದು ಸಲಹೆ ಅಷ್ಟೆ.

ಬೆಳಿಗ್ಗೆಯಿಂದ ವೀಸಾ ಪತ್ರ, ಹದಿನಾಲ್ಕು. ‘ಇವರು ನಮ್ಮ ಸಂಘದ ಸಮ್ಮೇಳನದಲ್ಲಿ ಸಾಮಾಜಿಕ ಅಸಮಾನತೆಯ ಕುರಿತು ಪ್ರಬಂಧ ಮಂಡಿಸಲಿದ್ದಾರೆ...’ ಬಡ ದೇಶದವರಿಗೆ ಇದೇ ಪತ್ರ ಮೂರು ಸಲ ಬರೆಯಬೇಕು. ಶ್ರೀಮಂತ ದೇಶದವರು ಕೇಳುವುದೇ ಇಲ್ಲ. ಹೋದ ಸಲ ಗಡಿಗಳ ಬಗ್ಗೆ ಇದ್ದ ಗೋಷ್ಠಿಗೆ ಐದರಲ್ಲಿ ನಾಲ್ಕು ಜನಕ್ಕೆ ವೀಸಾ ಸಿಗಲಿಲ್ಲ. ಐದನೆಯವರು ಒಬ್ಬರೇ ಕೂತು ಒಂದೂವರೆ ಗಂಟೆ ಮಾತಾಡಿದರು.

ಅಧ್ಯಕ್ಷರ ಇಮೇಲ್. ಕಾರ್ಯಕಾರಿ ಸಮಿತಿಗೆ ದುಂಡು ಮೇಜೇ ಆಗಬೇಕಂತೆ, ಯಾರೂ ಮೇಲಲ್ಲ ಯಾರೂ ಕೆಳಗಲ್ಲ. ಹೋದ ಸಲವೂ ದುಂಡು ಮೇಜೇ. ಎಲ್ಲರೂ ಪ್ಲಗ್ ಪಾಯಿಂಟ್ ಹತ್ತಿರದ ಕುರ್ಚಿಗೆ ಕಿತ್ತಾಡಿದರು. ಪೋರ್ಟಲ್ ನೋಡಿಕೊಳ್ಳುವ ಹುಡುಗನಿಗೆ, ನಮ್ಮ ಪೋರ್ಟಲಪ್ಪನಿಗೆ, ಹೇಳಿದೆ — ಈ ಸಲ ಎಕ್ಸ್‌ಟೆನ್ಷನ್ ಬೋರ್ಡ್ ಹನ್ನೊಂದು ತರಿಸು. ಕಚೇರಿ ಅಂದರೆ ಇಷ್ಟೇ. ಮೂರನೇ ಮಹಡಿ, ಎರಡು ಕೋಣೆ, ಕಂಪ್ಯೂಟರಿಗೆ ಅವನು, ಉಳಿದದ್ದಕ್ಕೆಲ್ಲ ನಾನು. ಲೆಟರ್‌ಹೆಡ್ಡಿನಲ್ಲಿ ಮಾತ್ರ ‘ಅಂತರರಾಷ್ಟ್ರೀಯ ಕಾರ್ಯಾಲಯ’.

ಫೆಬ್ರವರಿ 7

ಅಕ್ಕ ಕಚೇರಿಗೆ ಬಂದಿದ್ದಳು. ಇಷ್ಟು ವರ್ಷದಲ್ಲಿ ಇದು ಎರಡನೇ ಸಲ. ಮೊದಲ ಸಲ ಮನೆ ಬೀಗದ ಕೈ ಮರೆತಿದ್ದಳು.

ಕೈಯಲ್ಲೊಂದು ಬಟ್ಟೆ ಚೀಲ, ಅದರ ತುಂಬ ನೋಟ್‌ಬುಕ್ಕು. ಕುರ್ಚಿಯ ತುದಿಯಲ್ಲಿ ಕೂತಳು.

‘ನಿಮ್ಮ ಸಂಘಕ್ಕೆ ಯಾರು ಬೇಕಾದ್ರೂ ಬರೆದು ಕಳಿಸ್ಬಹುದಾ?’

‘ಯಾರು ಬೇಕಾದ್ರೂ. ನಿಯಮದಲ್ಲೇ ಇದೆ.’

‘ನಾನೂ?’

ನಗು ಬಂತು. ನಕ್ಕೂ ಬಿಟ್ಟೆ. ಅವಳು ನಗಲಿಲ್ಲ.

ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೇಳು ವರ್ಷ ದುಡಿದು ಹೋದ ವರ್ಷ ನಿವೃತ್ತಳಾದಳು. ಅದರಲ್ಲಿ ಇಪ್ಪತ್ತಾರು ವರ್ಷ ಈ ನೋಟ್‌ಬುಕ್ಕು ಇಟ್ಟಿದ್ದಾಳೆ — ನನಗೆ ಗೊತ್ತೇ ಇರಲಿಲ್ಲ. ಲಾಂಡ್ರಿ ಗೋಡೆ ಮೇಲೆ ‘ಎಲ್ಲ ರೋಗಿಗಳಿಗೂ ಒಂದೇ ಬಟ್ಟೆ’ ಅಂತ ಬೋರ್ಡಂತೆ. ಬಟ್ಟೆ ಒಂದೇ, ನಿಜ. ಹೊಸ ಬೆಡ್‌ಶೀಟು ಮೊದಲು ಸ್ಪೆಷಲ್ ವಾರ್ಡಿಗೆ. ಸವೆದ ಮೇಲೆ ಅಂಚಿಗೆ ನೀಲಿ ದಾರ ಹೊಲಿದು ಜನರಲ್ ವಾರ್ಡಿಗೆ. ಇನ್ನೂ ಸವೆದರೆ ಕೆಂಪು ದಾರ, ಉಚಿತ ವಾರ್ಡಿಗೆ. ಆಮೇಲೆ ಹರಿದು ನೆಲ ಒರೆಸಲಿಕ್ಕೆ. ಯಾವ ಬೆಡ್‌ಶೀಟು ಎಲ್ಲಿ ಎಷ್ಟು ಸಲ ಒಗೆಸಿಕೊಂಡಿತು ಅಂತ ಅಕ್ಕ ತಾರೀಖು ಹಾಕಿ ಬರೆದಿದ್ದಾಳೆ. ಮೊದಮೊದಲು ಸ್ಪೆಷಲ್ ವಾರ್ಡಿನಲ್ಲಿ ನಲವತ್ತು ಒಗೆತ ಇರುತ್ತಿದ್ದವು, ಕೊನೆಕೊನೆಗೆ ಹದಿನೈದು. ಉಚಿತ ವಾರ್ಡಿನಲ್ಲಿ ಅರವತ್ತು ಇದ್ದದ್ದು ನೂರ ನಲವತ್ತಾಯಿತು.

‘ಮೇಲಿಂದ ಕೆಳಗೆ ಬಂದದ್ದು ಸಾವಿರಾರು. ಕೆಳಗಿಂದ ಮೇಲೆ ಹೋದದ್ದು ಒಂದೂ ಇಲ್ಲ,’ ಅಂದಳು. ‘ಇದನ್ನ ಒಂದ್ಸಲ ನಾಲ್ಕು ಜನರ ಮುಂದೆ ಹೇಳ್ಬೇಕು ಕಣೇ. ಅಷ್ಟೇ ನಂಗೆ ಬೇಕಿರೋದು.’

ಎಲ್ಲರ ಹಾಗೆ ಪೋರ್ಟಲ್‌ನಲ್ಲೇ ಕಳಿಸು, ನಾನು ಕೈ ಹಾಕುವ ಹಾಗಿಲ್ಲ ಅಂದೆ. ಬಿಗಿಯಾಗಿಯೇ ಅಂದೆ ಅನಿಸುತ್ತೆ.

ಫೆಬ್ರವರಿ 15

ಒಟ್ಟು 611. ಪೋರ್ಟಲ್ ಮಧ್ಯಾಹ್ನ ಒಂದೂ ಹತ್ತಕ್ಕೆ ಮಲಗಿತು, ಎರಡೂಕಾಲಿಗೆ ಎದ್ದಿತು. ಒಂದು ವಾರ ಹೆಚ್ಚು ಕೊಟ್ಟಿದ್ದೇವೆ.

ಹನ್ನೊಂದು ಗಂಟೆಗೆ ಲೈಬ್ರರಿಯಿಂದ ಅಕ್ಕನ ಫೋನ್. ‘ಸಂಸ್ಥೆ ಅಂತ ಕೇಳ್ತಿದೆ. ಬಿಟ್ರೆ ಮುಂದಕ್ಕೆ ಹೋಗ್ತಾ ಇಲ್ಲ.’

‘ಆಸ್ಪತ್ರೆ ಹೆಸರು ಹಾಕು.’

‘ಬಿಟ್ಟು ಬಂದಾಯ್ತಲ್ಲೇ.’

‘ಆದ್ರೂ ಹಾಕು. ಬಿಟ್ಟು ಬಂದ ಪ್ರೊಫೆಸರ್‌ಗಳೆಲ್ಲ ಸಾಯೋವರೆಗೂ ಹಾಕ್ಕೊಳ್ತಾರೆ.’

ಅವಳದ್ದು 417.

ಮಾರ್ಚ್ 22

ಅಂಕಗಳು ಬಂದವು. ಯಾರು ಬರೆದದ್ದು ಅಂತ ಮೌಲ್ಯಮಾಪಕರಿಗೆ ಗೊತ್ತಿರುವುದಿಲ್ಲ. ಯಾರು ಅಂಕ ಕೊಟ್ಟರು ಅಂತ ಬರೆದವರಿಗೆ ಗೊತ್ತಾಗುವುದಿಲ್ಲ. ಎರಡೂ ಗೊತ್ತಿರುವವಳು ನಾನೊಬ್ಬಳು.

417ಕ್ಕೆ ಹತ್ತರಲ್ಲಿ ಒಂಬತ್ತು, ಒಂಬತ್ತೂವರೆ. ಈ ವರ್ಷ ಇದಕ್ಕಿಂತ ಹೆಚ್ಚು ಯಾರಿಗೂ ಬಂದಿಲ್ಲ.

ಮೊದಲ ಮೌಲ್ಯಮಾಪಕರ ಟಿಪ್ಪಣಿ: ‘ಪಳಗಿದ ಕೈ. ಹಿರಿಯ ವಿದ್ವಾಂಸರದ್ದೇ ಇರಬೇಕು. ಬಟ್ಟೆ ಒಗೆಯುವವಳ ದನಿಯಲ್ಲಿ ಬರೆಯುವ ಪ್ರಯೋಗ ದಿಟ್ಟವಾಗಿದೆ, ಆದರೆ ಒಂದೆರಡು ಕಡೆ ಅತಿಯಾಗಿ ನಂಬಿಕೆಗೆ ದೂರವಾಗುತ್ತದೆ.’

ಮೂರು ಸಲ ಓದಿಕೊಂಡೆ. ಪೋರ್ಟಲಪ್ಪ ಯಾಕೆ ಮೇಡಂ ನಗ್ತಿದೀರಾ ಅಂದ. ಏನಿಲ್ಲ ಅಂದೆ.

ಖುಷಿಯಾಯಿತು. ಜೊತೆಗೆ ಎಲ್ಲೋ ಸ್ವಲ್ಪ ಚುರುಕ್ಕೆಂದಿತು. ಡಾಕ್ಟರೇಟಿಗೆ ಅಂತ ಮೂರು ವರ್ಷ ಮಣ್ಣು ಹೊತ್ತು ಅರ್ಧಕ್ಕೇ ಬಿಟ್ಟವಳು ನಾನು. ನನ್ನ ಒಂದು ಅಧ್ಯಾಯಕ್ಕೂ ಯಾರೂ ‘ಪಳಗಿದ ಕೈ’ ಅನ್ನಲಿಲ್ಲ.

ಏಪ್ರಿಲ್ 2

ನೀತಿ ಮೇಷ್ಟ್ರ ಇಮೇಲ್. ಸಂಶೋಧನಾ ನೀತಿ ಸಮಿತಿಯ ಮುಖ್ಯಸ್ಥರು, ಎರಡು ಸಮುದ್ರ ಆಚೆಯ ಪ್ರೊಫೆಸರ್. ಈ ಹೆಸರು ನಾನಿಟ್ಟದ್ದು, ಅವರಿಗೆ ಗೊತ್ತಿಲ್ಲ. ಕೆಟ್ಟವರಲ್ಲ. ಇರುವೆ ತುಳಿದರೂ ಕ್ಷಮೆ ಕೇಳುವ ಪೈಕಿ.

‘417ರ ಆಧಾರ ಒಬ್ಬ ಲಾಂಡ್ರಿ ಕಾರ್ಮಿಕಳ ನೋಟ್‌ಬುಕ್ಕುಗಳು. ತನ್ನ ಬರಹ ಸಂಶೋಧನೆಗೆ ಬಳಕೆಯಾಗುತ್ತಿದೆ ಎಂದು ಆಕೆಗೆ ತಿಳಿಸಲಾಗಿದೆಯೇ? ಆಕೆಗೆ ಅರ್ಥವಾಗುವ ಮಾತಿನಲ್ಲಿ? ಒಪ್ಪಿಗೆ ಪತ್ರ ಕಾಣುತ್ತಿಲ್ಲ.’

ಉತ್ತರ ಬರೆದೆ: ಲೇಖಕಿಯೂ ಕಾರ್ಮಿಕಳೂ ಒಬ್ಬರೇ.

ಹತ್ತು ನಿಮಿಷಕ್ಕೆ ಮರು ಉತ್ತರ: ‘ಕುತೂಹಲಕರ. ಆದರೂ ನಮೂನೆ ಬೇಕು.’

ಏಪ್ರಿಲ್ 5

ನಮೂನೆ ಹಿಡಿದು ಅಕ್ಕನ ಮನೆಗೆ. ಭಾವ ಟಿವಿಯ ದನಿ ಸಣ್ಣ ಮಾಡಿ ಕಿವಿ ಈ ಕಡೆ ಇಟ್ಟುಕೊಂಡಿದ್ದರು.

ಅಕ್ಕ ಗಟ್ಟಿಯಾಗಿ ಓದಿದಳು. ‘ಸಂಶೋಧಕಿಯಾದ ನಾನು, ಮಾಹಿತಿದಾರೆಗೆ ಎಲ್ಲವನ್ನೂ ವಿವರಿಸಿದ್ದೇನೆ. ಮಾಹಿತಿದಾರೆಯಾದ ನಾನು, ಯಾವ ಒತ್ತಡವೂ ಇಲ್ಲದೆ ಒಪ್ಪಿದ್ದೇನೆ.’ ಆಮೇಲೆ ಕನ್ನಡಿ ಮುಂದೆ ಹೋಗಿ ನಿಂತು, ‘ಏನಮ್ಮಾ, ಎಲ್ಲಾ ಅರ್ಥ ಆಯ್ತಾ? ಒತ್ತಡ ಇಲ್ಲ ತಾನೇ?’ ಅಂದಳು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಭಾವನೂ ನಕ್ಕರು.

ಎರಡು ಕಡೆ ಸಹಿ ಹಾಕಿದಳು. ‘ಎರಡನೇದು ಸ್ವಲ್ಪ ಬೇರೆ ಥರ ಹಾಕ್ಲಾ?’

ಏಪ್ರಿಲ್ 9, ಮಧ್ಯಾಹ್ನ 12.30

ನಮೂನೆ ವಾಪಸ್. ನಿಯಮ 14, ಉಪನಿಯಮ 3: ಸಂಶೋಧಕರೂ ಮಾಹಿತಿದಾರರೂ ಬೇರೆ ಬೇರೆ ವ್ಯಕ್ತಿಗಳಾಗಿರಬೇಕು, ಬಲವಿಲ್ಲದವರನ್ನು ಬಲವುಳ್ಳವರಿಂದ ಕಾಪಾಡುವ ಸಲುವಾಗಿ. ಹನ್ನೊಂದು ವರ್ಷದ ಹಿಂದೆ ಇದನ್ನು ಟೈಪ್ ಮಾಡಿದವಳು ನಾನೇ. ಒಳ್ಳೇ ನಿಯಮ ಅನಿಸಿತ್ತು. ಈಗಲೂ ಕೆಟ್ಟದ್ದೇನಲ್ಲ.

ಅಧ್ಯಕ್ಷರು, ನೀತಿ ಮೇಷ್ಟ್ರು, ನಾನು — ವಿಡಿಯೊ ಕರೆ. ಬರೆದವಳು ನನ್ನ ಅಕ್ಕ ಅಂತ ಹೇಳಿಬಿಟ್ಟೆ. ಅಧ್ಯಕ್ಷರ ಮುಖ ಅರಳಿತು. ‘ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತೇ! ಹಾಗಾದರೆ ಸುಲಭ. ನೀವು ಸಂಶೋಧನಾ ವಿದ್ಯಾರ್ಥಿನಿಯಾಗಿದ್ದವರು. ಸಂಶೋಧಕಿಯ ಜಾಗದಲ್ಲಿ ನೀವು ಸಹಿ ಮಾಡಿ, ಆಕೆ ಮಾಹಿತಿದಾರೆ. ಪ್ರಬಂಧ ಉಳಿಯುತ್ತದೆ.’

ಇಬ್ಬರ ಹೆಸರೂ ಹಾಕಬಹುದೇ ಅಂತ ಕೇಳಿದೆ. ನೀತಿ ಮೇಷ್ಟ್ರು ನಿಜವಾಗಿಯೂ ನೊಂದುಕೊಂಡರು. ಮಾಹಿತಿದಾರೆಯ ಹೆಸರನ್ನು ಹೊರಗೆ ಬಿಡುವಂತಿಲ್ಲವಂತೆ. ಆಸ್ಪತ್ರೆಯವರು ಪಿಂಚಣಿಗೆ ಕೈ ಹಾಕಿದರೆ? ಆಕೆಯ ಹಿತಕ್ಕಾಗಿಯೇ ಆಕೆ ‘ಮಾಹಿತಿದಾರೆ ಕ’ ಆಗಬೇಕು.

ಇನ್ನೊಂದು ದಾರಿ ಏನು? ಸರ್ವಸದಸ್ಯರ ಸಭೆಯಲ್ಲಿ ನಿಯಮ ತಿದ್ದುವುದು. ಸಭೆ ಸಮ್ಮೇಳನದ ಕೊನೇ ದಿನ. ತಿದ್ದಿದರೂ ಅದು ಅನ್ವಯಿಸುವುದು ಮುಂದಿನ ಸಮ್ಮೇಳನಕ್ಕೆ, ಎರಡು ವರ್ಷದ ಮೇಲೆ, ಯಾವ ದೇಶದಲ್ಲೋ. ಅಕ್ಕನ ಹತ್ತಿರ ಪಾಸ್‌ಪೋರ್ಟೂ ಇಲ್ಲ.

ಏಪ್ರಿಲ್ 11

ಅಕ್ಕನಿಗೆ ಹೇಳಿದೆ. ಒಗೆದ ಬಟ್ಟೆ ಮಡಿಸುತ್ತಿದ್ದಳು. ಮೂಲೆಗೆ ಮೂಲೆ ಸೇರಿಸಿ, ಒಂದು ಸಲ ಕೊಡವಿ, ಎರಡು ಮಡಿಕೆ. ನೋಡುತ್ತಾ ಕೂತರೆ ನಿದ್ದೆ ಬರುತ್ತದೆ.

‘ಹಾಕ್ಬಿಡು ನಿನ್ನ ಹೆಸರು.’

‘ಬರೆದದ್ದು ನೀನು.’

‘ಹೇಳೋರು ಯಾರಾದ್ರೇನು, ಬೆಡ್‌ಶೀಟ್ ಅದೇ ತಾನೇ.’ ಸ್ವಲ್ಪ ಹೊತ್ತು ಮಡಿಸಿದಳು. ‘ನಾನು ಬಂದು ಕೂತ್ಕೊಂಡು ಕೇಳ್ಬಹುದಾ?’

‘ಬರಬಹುದು.’

‘ಮತ್ತೇನು!’

ಮತ್ತೇನು ಅಂದ ರೀತಿ ನನಗೆ ಹಿಡಿಸಲಿಲ್ಲ. ಬೇಗ ಅಂದುಬಿಟ್ಟಳು. ಅಪ್ಪ ಕೆಲಸ ಕಳೆದುಕೊಂಡ ವರ್ಷ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಫೀಸು ಅಂತಾದಾಗಲೂ ಬಿಟ್ಟುಕೊಡಲು ಅವಳಿಗೆ ಹೀಗೇ ಅರ್ಜೆಂಟು.

ಏಪ್ರಿಲ್ 12

ಯಾರೂ ಓದುವುದಿಲ್ಲ, ಬರೆದಿಡುತ್ತೇನೆ. ನನಗೆ ಆಸೆ.

ಆರುನೂರು ಜನರ ಹೆಸರು ಟೈಪ್ ಮಾಡಿದ್ದೇನೆ ಪ್ರತಿ ಸಲ. ಬ್ಯಾಡ್ಜು, ಕಾರ್ಯಕ್ರಮ ಪಟ್ಟಿ, ಗೋಷ್ಠಿ ಬಾಗಿಲಿನ ಕಾಗದ. ನನ್ನ ಹೆಸರು ಒಂದೇ ಕಡೆ — ಕೊನೇ ಪುಟದಲ್ಲಿ, ‘ತುರ್ತು ಸಂಪರ್ಕಕ್ಕೆ’. ಯಾರದೋ ಸೂಟ್‌ಕೇಸ್ ಕಳೆದರೆ ನನಗೆ ಫೋನ್ ಬರುತ್ತದೆ.

ಅಕ್ಕನಿಗಾಗಿ ಮಾಡುತ್ತಿದ್ದೇನೆ ಅಂತ ಹೇಳಿಕೊಳ್ಳಬಹುದು. ಸುಳ್ಳೂ ಅಲ್ಲ. ಪೂರ್ತಿ ನಿಜವೂ ಅಲ್ಲ.

ಮೇ 6

ನಮೂನೆ ಹೋಯಿತು. ಇಪ್ಪತ್ತನಾಲ್ಕು ದಿನ ಡ್ರಾಯರಿನಲ್ಲಿಟ್ಟು, ಎರಡು ಸಲ ನೆನಪೋಲೆ ಬಂದ ಮೇಲೆ. ಸಹಿ ಒಂದೇ ಗೀಚು, ಎಷ್ಟು ಹೊತ್ತು ಬೇಕು ಅದಕ್ಕೆ.

‘ನಾನು ಒಗೆದೆ’ ಅಂತ ಇದ್ದ ಕಡೆಯೆಲ್ಲ ‘ಮಾಹಿತಿದಾರೆ ಕ ಒಗೆದರು’ ಅಂತ ಬದಲಿಸಬೇಕಾಯಿತು. ಒಟ್ಟು ಐವತ್ತೆಂಟು ಕಡೆ. ಕಂಪ್ಯೂಟರು ಒಂದೇ ಸಲಕ್ಕೆ ಮಾಡಿತು.

ಜೂನ್ 27

ಬ್ಯಾಡ್ಜಿನ ಜಗಳ. ಸಮಾನತೆಗಾಗಿ ಈ ಸಲ ಡಾಕ್ಟರ್, ಪ್ರೊಫೆಸರ್ ಏನೂ ಬೇಡ, ಬರೀ ಹೆಸರು ಅಂತ ಸಮಿತಿಯ ತೀರ್ಮಾನ. ತೀರ್ಮಾನ ಮಾಡಿದ ಹನ್ನೊಂದು ಜನರಲ್ಲಿ ಏಳು ಜನ ಬೇರೆ ಬೇರೆಯಾಗಿ ಬರೆದಿದ್ದಾರೆ, ತಮ್ಮದಕ್ಕೆ ಮಾತ್ರ ಹಾಕಲು ಸಾಧ್ಯವೇ ಅಂತ.

ಅಕ್ಕನಿಗೂ ಒಂದು ಬ್ಯಾಡ್ಜು ಬೇಕು. ಮಾಹಿತಿದಾರೆಯ ಹೆಸರು ಎಲ್ಲೂ ಇರಬಾರದಲ್ಲ. ‘ಅತಿಥಿ’ ಅಂತ ಮುದ್ರಿಸಿದೆ.

ಜುಲೈ 9

ಮೂರನೇ ಸಭಾಂಗಣ, ಮಧ್ಯಾಹ್ನ ಎರಡೂವರೆ. ಎಂಬತ್ತು ಕುರ್ಚಿ ತುಂಬಿ ಗೋಡೆಗೂ ಜನ ಒರಗಿದ್ದರು. ಬೆಳಿಗ್ಗೆಯಿಂದ ಮೈಕು, ದುಭಾಷಿ, ಚಹಾ ಅಂತ ಓಡಾಡಿ ಕಾಲು ಬಿದ್ದುಹೋಗಿದ್ದವು. ಬೀಗದ ಕೈ ಗೊಂಚಲು ಕೈಯಲ್ಲೇ ಇತ್ತು, ವೇದಿಕೆಗೆ ಅದನ್ನು ಹಿಡಿದೇ ಹತ್ತಿದೆ.

ಚೆನ್ನಾಗಿ ಮಾತಾಡಿದೆ. ತಡವರಿಸಲಿಲ್ಲ. ‘ಕೆಳಗಿಂದ ಮೇಲೆ ಹೋದದ್ದು ಒಂದೂ ಇಲ್ಲ’ ಅಂದಾಗ ಬರೆದುಕೊಳ್ಳುತ್ತಿದ್ದವರೂ ತಲೆ ಎತ್ತಿದರು. ಅಕ್ಕ ಐದನೇ ಸಾಲು, ಕಂಬದ ಪಕ್ಕ. ತುಟಿ ಅಲ್ಲಾಡುತ್ತಿತ್ತು, ನನ್ನ ಜೊತೆಜೊತೆಗೇ ಹೇಳುತ್ತಿದ್ದಳು. ಚಪ್ಪಾಳೆ ಬಂತು. ನನಗೆ. ಅದು ಹೇಗಿರುತ್ತೆ ಅಂತ ಈ ವಯಸ್ಸಿಗೆ ಗೊತ್ತಾಯಿತು. ಬಹಳ ಹಿತವಾಗಿರುತ್ತೆ.

ಆಮೇಲೆ ಪ್ರಶ್ನೆಗಳು. ನೀತಿ ಮೇಷ್ಟ್ರು ಎದ್ದರು. ಮೃದುವಾಗಿಯೇ ಕೇಳಿದರು. ‘ಮೂರನೇ ವರ್ಷದಲ್ಲಿ ನಾಲ್ಕು ತಿಂಗಳು ದಾಖಲೆಯೇ ಇಲ್ಲ. ಇಷ್ಟು ಅಚ್ಚುಕಟ್ಟಾದ ನೋಟ್‌ಬುಕ್ಕಿನಲ್ಲಿ ಅಲ್ಲಿ ಮಾತ್ರ ಯಾಕೆ ಖಾಲಿ?’

ಗೊತ್ತಿಲ್ಲ. ಆ ಖಾಲಿ ಜಾಗವನ್ನು ನಾನು ನೋಡೇ ಇರಲಿಲ್ಲ. ನೋಡಿದ್ದರೂ ಅಕ್ಕನನ್ನು ಕೇಳುತ್ತಿರಲಿಲ್ಲ. ಎಂಬತ್ತು ಜನ ಕಾಯುತ್ತಿದ್ದರು. ಅಕ್ಕನ ಕಡೆ ನೋಡಿದೆ. ಅವಳ ಕೈ ಮಡಿಲಿಂದ ಸ್ವಲ್ಪ ಮೇಲೆ ಬಂತು. ಆಮೇಲೆ ವಾಪಸ್ ಹೋಯಿತು.

ಹೇಳಿಬಿಟ್ಟೆ. ‘ಮಾಹಿತಿದಾರೆ ತರಬೇತಿ ಇಲ್ಲದವರು. ಶಿಸ್ತಿನಿಂದ ದಾಖಲಿಸುವ ಅಭ್ಯಾಸ ಇಲ್ಲದವರಲ್ಲಿ ಇಂಥ ಬಿಡುವು ಸಹಜ.’

ಮೇಷ್ಟ್ರು ತಲೆದೂಗಿದರು. ಒಳ್ಳೇ ಉತ್ತರ ಅನಿಸಿರಬೇಕು. ನನಗೂ ಒಂದು ಕ್ಷಣ ಹಾಗೇ ಅನಿಸಿತು.

ಜುಲೈ 10, ಬೆಳಿಗ್ಗೆ

ನಿನ್ನೆಯದ್ದೇ, ಪೂರ್ತಿ ಬರೆದಿರಲಿಲ್ಲ.

ಸಂಜೆ ಅಕ್ಕನನ್ನು ಬಸ್ಸಿಗೆ ಬಿಡಲು ಹೋದೆ. ನಿಲ್ದಾಣದಲ್ಲಿ ಜಾಗ ಇರಲಿಲ್ಲ, ನಿಂತೇ ಇದ್ದೆವು.

‘ಚೆನ್ನಾಗಿ ಮಾತಾಡ್ದೆ,’ ಅಂದಳು. ‘ನನ್ ಕೈಲಿ ಆಗ್ತಿರ್ಲಿಲ್ಲ.’

‘ಆಗ್ತಿತ್ತು.’

‘ಶಿಸ್ತಿಲ್ಲ ಅಂದ್ಯಲ್ಲ... ಹಾಗೆ ಹೇಳೋದು ನಿಮ್ಮಲ್ಲಿ ವಾಡಿಕೇನಾ?’

‘ಏನಾದ್ರೂ ಹೇಳ್ಬೇಕಿತ್ತಕ್ಕ.’

‘ಗೊತ್ತಿಲ್ಲ ಅನ್ಬಹುದಿತ್ತು.’

‘ಅಷ್ಟು ಜನರ ಮುಂದೆ ಗೊತ್ತಿಲ್ಲ ಅಂದ್ರೆ ಮರ್ಯಾದೆ ಹೋಗುತ್ತೆ.’

‘ಹೌದಾ,’ ಅಂದಳು. ಕೋಪ ಇರಲಿಲ್ಲ. ಗೊತ್ತಿಲ್ಲದ ಒಂದು ವಿಷಯ ತಿಳಿದುಕೊಂಡ ಹಾಗೆ ಅಂದಳು. ಬಸ್ಸು ಬಂತು, ಹತ್ತಿದಳು, ಕಿಟಕಿಯಿಂದ ಕೈ ಬೀಸಿದಳು ಕೂಡ.

ನಾಚಿಕೆಯಾಯಿತು. ಎಂಟೂಮುಕ್ಕಾಲಿಗೆ ದುಭಾಷಿಗಳ ಸಭೆ ಇದೆ, ಏಳಬೇಕು.

ಜುಲೈ 12

ಸರ್ವಸದಸ್ಯರ ಸಭೆ ಮುಗಿಯಿತು. ‘ಇತರ ವಿಷಯಗಳು’ ಬಂದಾಗ ನಿಯಮ 14ರ ಬಗ್ಗೆ ಯಾರಾದರೂ ಎತ್ತಬಹುದಿತ್ತು. ಯಾರಾದರೂ ಅಂದರೆ ನಾನು. ನಾನು ನಡವಳಿ ಬರೆದುಕೊಳ್ಳುತ್ತಿದ್ದೆ.

ಜುಲೈ 28

ಹದಿನಾರು ದಿನ ಆಯಿತು ಬರೆದು. ಅಕ್ಕ ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ.

ಪ್ರಬಂಧವನ್ನು ಸಂಘದ ಸಂಪುಟಕ್ಕೆ ಆರಿಸಿದ್ದಾರೆ. ನೀತಿ ಮೇಷ್ಟ್ರ ಇಮೇಲ್: ‘ಖಾಲಿ ಇರುವ ನಾಲ್ಕು ತಿಂಗಳ ಕಾರಣವನ್ನು ಒಂದು ಅಡಿಟಿಪ್ಪಣಿಯಲ್ಲಿ ಕೊಟ್ಟರೆ ಸಾಕು. ಅಂದು ನೀವು ಹೇಳಿದ್ದನ್ನೇ ಬರೆಯಬಹುದು.’

ನೋಟ್‌ಬುಕ್ಕುಗಳು ಇನ್ನೂ ಕಚೇರಿಯಲ್ಲೇ ಇವೆ. ಊಟದ ಹೊತ್ತಿಗೆ ಮೂರನೆಯದನ್ನು ತೆಗೆದೆ. ಸಾಲು ನೆಟ್ಟಗೆ, ಅಕ್ಷರ ದುಂಡಗೆ, ಒಂದು ತಿದ್ದೂ ಇಲ್ಲ. ಮೇ 11ರ ಕೆಳಗೆ ಒಂದು ಸಾಲು: ‘ನಾಳೆಯಿಂದ ಸಂಬಳವಿಲ್ಲದ ರಜೆ.’ ಮುಂದಿನ ಪುಟ ಸೆಪ್ಟೆಂಬರ್ 16.

ಆ ವರ್ಷ ಮೇ 13ಕ್ಕೆ ನನ್ನ ವಿಮಾನ. ಡಾಕ್ಟರೇಟಿನ ಎರಡನೇ ವರ್ಷ, ಹೊರದೇಶದ ವಿಶ್ವವಿದ್ಯಾಲಯದಲ್ಲಿ ನಾಲ್ಕು ತಿಂಗಳು. ಅಮ್ಮ ಲಕ್ವ ಹೊಡೆದು ಹಾಸಿಗೆ ಹಿಡಿದು ಮೂರು ವಾರವಾಗಿತ್ತು. ನಾನು ಹೋಗಲ್ಲ ಅಂದಿದ್ದೆ. ಹೋಗು, ನಾನಿದೀನಿ ಅಂದಿದ್ದಳು ಅಕ್ಕ. ಬೇಗ ಅಂದಿದ್ದಳು.

ನಾಲ್ಕು ತಿಂಗಳು ಅಮ್ಮನನ್ನು ಮಗ್ಗುಲು ಹೊರಳಿಸಿದಳು, ತೊಳೆದಳು, ತಿನ್ನಿಸಿದಳು. ದಿನಕ್ಕೆ ಮೂರು ಬೆಡ್‌ಶೀಟು, ಮನೆಯ ಬಚ್ಚಲಲ್ಲಿ, ಕೈಯಲ್ಲಿ. ಅದನ್ನು ಯಾವ ನೋಟ್‌ಬುಕ್ಕಿನಲ್ಲೂ ಬರೆದಿಲ್ಲ. ನಾನು ವಾಪಸ್ ಬಂದದ್ದು ಸೆಪ್ಟೆಂಬರ್ 15.

ಇದೆಲ್ಲ ನನಗೆ ಗೊತ್ತಿತ್ತು. ಮರೆತಿರಲಿಲ್ಲ. ಅವಳ ಖಾಲಿ ಪುಟವನ್ನೂ ನನ್ನ ವಿಮಾನವನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ, ಅಷ್ಟೆ. ಅವಳು ಆವತ್ತು ಸಭೆಯಲ್ಲಿ ಕೈ ಎತ್ತಿದ್ದರೆ ಎರಡು ಮಾತಲ್ಲಿ ಮುಗಿಯುತ್ತಿತ್ತು. ನನ್ನ ಮರ್ಯಾದೆಯೂ.

ಅಡಿಟಿಪ್ಪಣಿ ನಾಳೆ ಬೆಳಿಗ್ಗೆಯೊಳಗೆ ಕಳಿಸಬೇಕು. ಇಲ್ಲೇ ಬರೆದು ನೋಡುತ್ತೇನೆ.

6. ಈ ಅವಧಿಯಲ್ಲಿ ಮಾಹಿತಿದಾರೆ ಕೌಟುಂಬಿಕ ಕಾರಣಗಳಿಂದ ರಜೆಯಲ್ಲಿದ್ದರು.

ಇಲ್ಲ. ಯಾರ ಕುಟುಂಬ.

6. ಮಾಹಿತಿದಾರೆಯ ಅಶಿಸ್ತು ಎಂದು ಗೋಷ್ಠಿಯಲ್ಲಿ ಹೇಳಿದ್ದು ತಪ್ಪು. ಈ ನಾಲ್ಕು ತಿಂಗಳು ಅವರು ಸಂಬಳವಿಲ್ಲದ ರಜೆ ಹಾಕಿ, ಲೇಖಕಿ ಓದಲು ಹೋಗಲೆಂದು, ಲೇಖಕಿಯ ತಾಯಿಯನ್ನು —